ವ್ಯವಹಾರಕ್ಕೂ ಒಂದು ವ್ರತ: ಸಂಸ್ಥೆ ನಡೆಸುವವರ ಅಂತರಂಗ ಮತ್ತು ಲೆಕ್ಕದ ಪುಸ್ತಕ

ಅಮೆರಿಕದ ಇಂಧನ ವ್ಯಾಪಾರದ ಎನ್ರಾನ್ ಕಂಪನಿಯ 2000ನೇ ಸಾಲಿನ ವಾರ್ಷಿಕ ವರದಿಯಲ್ಲಿ ನಾಲ್ಕು ಮೌಲ್ಯಗಳು ಅಚ್ಚಾಗಿದ್ದವು: ಸಂವಹನ, ಗೌರವ, ಪ್ರಾಮಾಣಿಕತೆ, ಶ್ರೇಷ್ಠತೆ. 2001ರ ಡಿಸೆಂಬರ್‌ನಲ್ಲಿ ಕಂಪನಿ ದಿವಾಳಿ ಎದ್ದಿತು. ಅಲ್ಲಿ ನೀತಿಸಂಹಿತೆ ಇರಲಿಲ್ಲ ಎನ್ನುವಂತಿಲ್ಲ, ಚೆನ್ನಾಗಿಯೇ ಬರೆದಿಟ್ಟಿದ್ದರು. ಆದರೆ 1999ರಲ್ಲಿ ಹಣಕಾಸು ಮುಖ್ಯಸ್ಥರೇ ತಮ್ಮ ಸ್ವಂತ ಪಾಲುದಾರಿಕೆ ಸಂಸ್ಥೆಗಳ ಮೂಲಕ ಕಂಪನಿಯ ಜೊತೆ ವ್ಯವಹಾರಕ್ಕೆ ಇಳಿಯಲು ಹೊರಟಾಗ, ನಿರ್ದೇಶಕ ಮಂಡಳಿ ಆ ಸಂಹಿತೆಯನ್ನು ಅವರ ಮಟ್ಟಿಗೆ ಬದಿಗಿಟ್ಟು ಒಪ್ಪಿಗೆ ಕೊಟ್ಟಿತು. ಕತ್ತಲಲ್ಲಿ ನಡೆದ ಕೆಲಸವೇನಲ್ಲ. ಸಭೆ ಕರೆದು, ಚರ್ಚಿಸಿ, ಒಪ್ಪಿಗೆ ಕೊಟ್ಟು ಮಾಡಿದ್ದು.

ಅಧ್ಯಾತ್ಮದ ತಳಹದಿಯ ನಾಯಕತ್ವ ಎಂದಾಗ ಕಣ್ಣಿಗೆ ಬರುವುದು ಧ್ಯಾನ, ಮೌನ, ಮೃದು ಮಾತು, ಬೆಳಗಿನ ಪ್ರಾರ್ಥನೆ. ಅವೆಲ್ಲ ಇರಲಿ. ಆದರೆ ಯೋಗದ ಎಂಟು ಅಂಗಗಳನ್ನು ಒಮ್ಮೆ ಎಣಿಸಿ ನೋಡಿ. ಧ್ಯಾನ ಬರುವುದು ಏಳನೆಯ ಸ್ಥಾನದಲ್ಲಿ. ಮೊದಲನೆಯದು ಯಮ: ಹಿಂಸೆ ಮಾಡದಿರುವುದು, ಸುಳ್ಳು ಹೇಳದಿರುವುದು, ಕದಿಯದಿರುವುದು, ಇಂದ್ರಿಯಗಳನ್ನು ಹತೋಟಿಯಲ್ಲಿಡುವುದು, ಬೇಕಾದ್ದಕ್ಕಿಂತ ಹೆಚ್ಚು ಕೂಡಿಡದಿರುವುದು. ಸಿಬ್ಬಂದಿಗೆ ಧ್ಯಾನ ಶಿಬಿರ ಏರ್ಪಡಿಸುವ ಸಂಸ್ಥೆಗಳು ಬಹಳ. ಮೊದಲ ಮೆಟ್ಟಿಲು ಹತ್ತದೆ ಏಳನೆಯದಕ್ಕೆ ಹಾರುತ್ತಿದ್ದೇವೆ ಎಂದು ಅವರಿಗೆ ಅನಿಸುವುದು ಕಡಿಮೆ. ಧ್ಯಾನ ಮಾಡಿದ ಮನಸ್ಸು ಸಮಾಧಾನವಾಗಿ ಸುಳ್ಳು ಲೆಕ್ಕ ಬರೆಯಬಲ್ಲದು ಎಂಬುದನ್ನೂ ಮರೆಯಬಾರದು.

ಒತ್ತಡ ಬಿದ್ದ ದಿನ ನಮ್ಮ ಅಂತಃಸಾಕ್ಷಿ ಸರಿಯಾಗಿ ಮಾತಾಡುತ್ತದೆ ಎಂದು ನಂಬಿ ಕೂರುವ ಹಾಗಿಲ್ಲ. ತಲೆ ತಣ್ಣಗಿದ್ದಾಗ ಕಟ್ಟಿಕೊಂಡ ಕಟ್ಟುಪಾಡೇ ಆ ದಿನ ಕೈಹಿಡಿಯುವುದು. ಎಲ್ಲ ಪರಂಪರೆಗಳ ಸಾಧಕರೂ ವ್ರತ ಹಿಡಿದದ್ದು ಇದಕ್ಕೇ. ಕೆಳಗಿನ ಹೆಜ್ಜೆಗಳು ಆ ವ್ರತವನ್ನು ವ್ಯವಹಾರಕ್ಕೆ ತರುವ ಬಗೆ. ದೇವರನ್ನು ನಂಬುವವರೂ ನಂಬದವರೂ ಮಾಡಬಹುದಾದ ಕೆಲಸಗಳೇ ಇವು. ಹತ್ತು ಜನರ ಸಂಸ್ಥೆಗೂ ಆಗುತ್ತವೆ, ಹತ್ತು ಸಾವಿರ ಜನರದ್ದಕ್ಕೂ.

ಹೆಜ್ಜೆ 1: ಮಾಡದಿರುವುದರ ಪಟ್ಟಿ ಬರೆಯಿರಿ

ಮೌಲ್ಯಗಳ ಪಟ್ಟಿ ಬೇಡ. 'ಪ್ರಾಮಾಣಿಕತೆ' ಎಂದು ಬರೆದರೆ ಯಾರಿಗೂ ತಕರಾರಿಲ್ಲ, ಯಾರ ಕೈಯನ್ನೂ ಅದು ಕಟ್ಟುವುದಿಲ್ಲ. ವ್ರತಗಳು ಬಹುಪಾಲು 'ಮಾಡುವುದಿಲ್ಲ' ಎಂಬ ರೂಪದಲ್ಲಿರುವುದು ಸುಮ್ಮನೆ ಅಲ್ಲ. ಒಂದೇ ಹಾಳೆ, ಹತ್ತು ಸಾಲು ಮೀರದಂತೆ, ಪ್ರತಿ ಸಾಲಿನಲ್ಲೂ ಕಣ್ಣಿಗೆ ಕಾಣುವ ಒಂದು ಕೆಲಸ ಇರಲಿ:

ಸರಕು ಗೋದಾಮಿನಿಂದ ಹೊರಡದೆ ಇನ್‌ವಾಯ್ಸ್ ಹಾಕುವುದಿಲ್ಲ.
ಹಿಂದಿನ ದಿನಾಂಕ ಹಾಕಿ ಯಾವ ಕಾಗದಕ್ಕೂ ಸಹಿ ಮಾಡುವುದಿಲ್ಲ.
ನಮ್ಮಲ್ಲಿ ನಗದು ಕಡಿಮೆಯಾಯಿತೆಂದು ಪೂರೈಕೆದಾರರ ಬಾಕಿಯನ್ನು ಹೇಳದೆ ಕೇಳದೆ ಮುಂದೂಡುವುದಿಲ್ಲ.
ನನ್ನ ಬಂಧುಗಳಿಗೋ ಸ್ನೇಹಿತರಿಗೋ ಗುತ್ತಿಗೆ ಕೊಡುವ ತೀರ್ಮಾನವಿದ್ದರೆ ಆ ಸಭೆಯಲ್ಲಿ ನಾನು ಕೂರುವುದಿಲ್ಲ.
ಕೆಲಸ ಬಿಟ್ಟು ಹೋದವರ ಕೊನೆಯ ಸಂಬಳ ತಡೆಹಿಡಿಯುವುದಿಲ್ಲ.

ಬರೆದಾದ ಮೇಲೆ ಒಂದು ಪರೀಕ್ಷೆ ಮಾಡಿ. ಕಳೆದ ಒಂದು ವರ್ಷದಲ್ಲಿ ಈ ಪಟ್ಟಿ ಇದ್ದಿದ್ದರೆ ನಿಮಗೆ ಎಲ್ಲಾದರೂ ಹಣ ನಷ್ಟವಾಗುತ್ತಿತ್ತೇ? ಯಾವ ಸಾಲಿಗೂ ಒಂದು ಪೈಸೆ ಖರ್ಚಾಗುತ್ತಿರಲಿಲ್ಲ ಎಂದಾದರೆ ನೀವು ಬರೆದಿರುವುದು ಅಲಂಕಾರ. ಹಾಳೆ ಹರಿದು ಹೊಸದಾಗಿ ಕುಳಿತುಕೊಳ್ಳಿ.

ಪಟ್ಟಿಯ ಕೊನೆಗೆ ಇನ್ನೊಂದು ಸಾಲು ಕಡ್ಡಾಯವಾಗಿ ಸೇರಿಸಬೇಕು: ಈ ಪಟ್ಟಿಯನ್ನು ಬದಲಿಸುವುದು ಹೇಗೆ ಎಂಬುದು. ಎನ್ರಾನ್‌ನಲ್ಲಿ ಬಿರುಕು ಬಿಟ್ಟ ಜಾಗ ಅದೇ. ನನ್ನ ಸಲಹೆ ಇಷ್ಟು: ಬದಲಿಸಬೇಕೆನಿಸಿದರೆ ಕಾರಣವನ್ನು ಬರೆದು ಎಲ್ಲ ಸಿಬ್ಬಂದಿಗೂ ತಿಳಿಸಬೇಕು, ಆಮೇಲೆ 30 ದಿನ ಕಾಯಬೇಕು. ಯಾವ ವ್ಯವಹಾರದ ಸಲುವಾಗಿ ಬದಲಾವಣೆ ಬೇಕೆನಿಸಿತೋ ಆ ವ್ಯವಹಾರ ಅಷ್ಟರಲ್ಲಿ ಮುಗಿದಿರುತ್ತದೆ. ಮುಗಿಯಲಿ, ಅದಕ್ಕೇ ಈ 30 ದಿನ.

ಹೆಜ್ಜೆ 2: ದಿನದ ಕೊನೆಗೆ ನಿಮ್ಮದೇ ಲೆಕ್ಕ

ಜೈನರಲ್ಲಿ ಪ್ರತಿಕ್ರಮಣ ಎಂಬ ಪದ್ಧತಿ ಇದೆ. ಆ ಹೊತ್ತಿನವರೆಗೆ ಮಾಡಿದ ತಪ್ಪುಗಳನ್ನು ನೆನೆದು, ಒಪ್ಪಿಕೊಂಡು, ಅವುಗಳಿಂದ ಹಿಂದೆ ಸರಿಯುವುದು. ಸೂಫಿ ಸಾಧಕರು ತಮ್ಮ ಲೆಕ್ಕವನ್ನು ತಾವೇ ಕೇಳಿಕೊಳ್ಳುವುದನ್ನು ಮುಹಾಸಬಾ ಎನ್ನುತ್ತಾರೆ. ಕ್ರೈಸ್ತರ ಜೆಸ್ಯುಟ್ ಪಂಥ ಸ್ಥಾಪಿಸಿದ ಇಗ್ನೇಷಿಯಸ್ ಲೊಯೋಲಾ 16ನೇ ಶತಮಾನದಲ್ಲಿ ತನ್ನವರಿಗೆ ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ ಆತ್ಮಪರೀಕ್ಷೆ ಮಾಡಿಕೊಳ್ಳಲು ಹೇಳಿದ. ಒಬ್ಬರನ್ನೊಬ್ಬರು ಕೇಳಿ ಮಾಡಿದ್ದಲ್ಲ. ಆದರೂ ಎಲ್ಲರೂ ಬಂದು ನಿಂತದ್ದು ಒಂದೇ ಜಾಗಕ್ಕೆ. ಅಂಗಡಿಯ ಲೆಕ್ಕ ದಿನದಿನವೂ ಕಟ್ಟಬೇಕಾದರೆ ಮನಸ್ಸಿನ ಲೆಕ್ಕವನ್ನು ವರ್ಷಕ್ಕೊಮ್ಮೆ ಕಟ್ಟಿದರೆ ಸಾಲದು.

ಮಾಡುವ ಕ್ರಮ ಸರಳ. ಕೆಲಸದ ಜಾಗ ಬಿಡುವ ಮೊದಲು ಹದಿನೈದು ನಿಮಿಷ ಕೂರಿ. ಮನೆಗೆ ಹೋದ ಮೇಲೆ ಅಂದುಕೊಂಡರೆ ಅದು ಆಗುವುದಿಲ್ಲ. ಕೈಯಲ್ಲಿ ಬರೆಯುವ ಪುಸ್ತಕ ಇರಲಿ, ಫೋನ್ ದೂರ ಇಡಿ. ಬೆಳಗಿನಿಂದ ಆದದ್ದನ್ನು ಒಂದೊಂದು ಗಂಟೆಯಾಗಿ ನೆನೆಯುತ್ತಾ ಬನ್ನಿ. ಯಾರಿಗೆ ಅರ್ಧ ಸತ್ಯ ಹೇಳಿದೆ? ಯಾರ ಕರೆಗೆ ಬೇಕೆಂದೇ ಉತ್ತರಿಸಲಿಲ್ಲ? ಯಾರ ಮೇಲೆ ಸಿಟ್ಟಾದೆ, ಆ ಸಿಟ್ಟಿನ ಹಿಂದಿದ್ದ ಹೆದರಿಕೆ ಯಾವುದು? ಇಂದು ಮಾಡಿದ ತೀರ್ಮಾನಗಳಲ್ಲಿ ನನ್ನ ಸ್ವಂತ ಅನುಕೂಲದ ಪಾಲು ಎಷ್ಟು?

ಪುಸ್ತಕದ ಒಂದು ಪುಟ ಹೀಗಿರಬಹುದು:

"ಸೋಮವಾರ. ಹನ್ನೊಂದಕ್ಕೆ ಗ್ರಾಹಕರ ಫೋನ್, ಕೆಲಸ ಎಲ್ಲಿಗೆ ಬಂತು ಅಂತ. ಟೆಸ್ಟಿಂಗ್‌ನಲ್ಲಿದೆ ಅಂದೆ. ಶುರುವೇ ಆಗಿಲ್ಲ. ಕಳೆದ ವಾರವೂ ತಡ ಅಂತ ಹೇಳಿದ್ದೆ, ಮತ್ತೆ ಹೇಳಲು ಮುಖ ಇರಲಿಲ್ಲ. ಪಕ್ಕದಲ್ಲಿ ಹೊಸ ಹುಡುಗಿ ಕೂತು ಕೇಳಿಸಿಕೊಳ್ಳುತ್ತಿದ್ದಳು. ಇಲ್ಲಿ ಹೀಗೆ ಹೇಳುವುದು ವಾಡಿಕೆ ಅಂತ ಇವತ್ತು ಕಲಿತಳು. ನಾಳೆ ಹತ್ತರೊಳಗೆ ಫೋನ್ ಮಾಡಿ ನಿಜವಾದ ದಿನಾಂಕ ಹೇಳಬೇಕು, ಅವಳ ಎದುರಿಗೇ."

ಕೊನೆಯ ವಾಕ್ಯವಿಲ್ಲದ ಪುಟ ಬರೀ ಅಳುವಿನ ಪುಟ. ತಪ್ಪು ಕಂಡರೆ ಮಾರನೆಯ ಕೆಲಸದ ದಿನದೊಳಗೆ ಒಂದು ಫೋನ್, ಒಂದು ತಿದ್ದುಪಡಿ, ಒಂದು ಕ್ಷಮೆ, ಏನಾದರೊಂದು ಆಗಲೇಬೇಕು. ಏನೂ ತಪ್ಪು ಕಾಣದ ದಿನ ಖಾಲಿ ಬಿಡಿ. ಆದರೆ ಒಂದು ವಾರ ಪೂರ್ತಿ ಖಾಲಿ ಉಳಿದರೆ ನಿಮ್ಮ ಜೊತೆ ಕೆಲಸ ಮಾಡುವ ಒಬ್ಬರನ್ನು ಕೇಳಿ ನೋಡಿ, ಪುಟ ತಾನಾಗಿ ತುಂಬುತ್ತದೆ.

ದೊಡ್ಡ ತೀರ್ಮಾನಗಳಿಗೆ ಹದಿನೈದು ನಿಮಿಷ ಸಾಲದು. ಕ್ಯೊಸೆರಾ ಕಂಪನಿ ಸ್ಥಾಪಿಸಿದ ಜಪಾನಿನ ಕಜುವೊ ಇನಾಮೊರಿ 1984ರಲ್ಲಿ ದೂರವಾಣಿ ಕ್ಷೇತ್ರಕ್ಕೆ ಕಾಲಿಡುವ ಮೊದಲು ಸುಮಾರು ಆರು ತಿಂಗಳು ಪ್ರತಿ ರಾತ್ರಿ ತಮ್ಮನ್ನು ತಾವು ಕೇಳಿಕೊಳ್ಳುತ್ತಿದ್ದರು: ಇದರ ಹಿಂದಿನ ಉದ್ದೇಶ ಒಳ್ಳೆಯದೇ, ಇಲ್ಲಿ ಸ್ವಾರ್ಥ ಇಲ್ಲವೇ ಎಂದು. ಎಷ್ಟು ಲಾಭ ಬರುತ್ತದೆ ಎಂಬ ಲೆಕ್ಕ ಬೇರೆ ಕಡೆ ನಡೆದಿರುತ್ತದೆ, ಅದಕ್ಕೆ ಜನರಿರುತ್ತಾರೆ. ಈ ಪ್ರಶ್ನೆಯನ್ನು ನಾಯಕನ ಪರವಾಗಿ ಇನ್ನೊಬ್ಬರು ಕೇಳಲು ಬರುವುದಿಲ್ಲ. ಇನಾಮೊರಿ 1997ರಲ್ಲಿ ಝೆನ್ ಬೌದ್ಧ ದೀಕ್ಷೆ ಪಡೆದರು. 2010ರಲ್ಲಿ ದಿವಾಳಿಯಾಗಿದ್ದ ಜಪಾನ್ ಏರ್‌ಲೈನ್ಸ್ ಹೊಣೆಯನ್ನು 78ನೇ ವಯಸ್ಸಿನಲ್ಲಿ ಸಂಬಳವಿಲ್ಲದೆ ಹೊತ್ತರು. 2012ರ ಸೆಪ್ಟೆಂಬರ್‌ನಲ್ಲಿ ಅದರ ಷೇರು ಮತ್ತೆ ಮಾರುಕಟ್ಟೆಗೆ ಬಂತು. ಈ ಪುನಶ್ಚೇತನದಲ್ಲಿ ಸುಮಾರು 16,000 ಜನರ ಕೆಲಸ ಹೋಯಿತು ಎಂಬುದನ್ನೂ ಜೊತೆಗೇ ಹೇಳಬೇಕು. ಅಧ್ಯಾತ್ಮ ಇದ್ದರೆ ಕಠಿಣ ತೀರ್ಮಾನಗಳು ತಪ್ಪುತ್ತವೆ ಎಂದುಕೊಂಡವರು ಇದನ್ನು ಗಮನಿಸಬೇಕು.

ಹೆಜ್ಜೆ 3: ಟಾರ್ಗೆಟ್ ಕೊಡುವ ಮೊದಲು ಅಡ್ಡದಾರಿ ಹುಡುಕಿ

ನಾಯಕನ ಪಾಪಗಳಲ್ಲಿ ಹೆಚ್ಚಿನವನ್ನು ಅವನು ತನ್ನ ಕೈಯಾರೆ ಮಾಡುವುದಿಲ್ಲ. ಟಾರ್ಗೆಟ್ ಕೊಟ್ಟು ಬೇರೆಯವರ ಕೈಯಲ್ಲಿ ಮಾಡಿಸುತ್ತಾನೆ.

ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕಿನಲ್ಲಿ ಒಬ್ಬೊಬ್ಬ ಗ್ರಾಹಕರಿಗೂ ಎಂಟು ಸೇವೆಗಳನ್ನು ಮಾರಬೇಕೆಂಬ ಗುರಿ ಇತ್ತು. ಗುರಿ ಮುಟ್ಟದ ಸಿಬ್ಬಂದಿಯ ಮೇಲೆ ಒತ್ತಡ ಹೆಚ್ಚಿದಂತೆ, ಗ್ರಾಹಕರಿಗೆ ಗೊತ್ತಿಲ್ಲದೆ ಅವರ ಹೆಸರಿನಲ್ಲಿ ಖಾತೆಗಳು ಹುಟ್ಟಿಕೊಂಡವು. 2016ರ ಸೆಪ್ಟೆಂಬರ್‌ನಲ್ಲಿ 18.5 ಕೋಟಿ ಡಾಲರ್ ದಂಡ ಬಿತ್ತು. ಆ ವೇಳೆಗೆ ಸುಮಾರು 5,300 ಸಿಬ್ಬಂದಿಯನ್ನು ಬ್ಯಾಂಕು ಕೆಲಸದಿಂದ ತೆಗೆದಿತ್ತು. ಅಂಥ ಖಾತೆಗಳು 35 ಲಕ್ಷದವರೆಗೂ ಇರಬಹುದು ಎಂದು ಬ್ಯಾಂಕೇ ಮರುವರ್ಷ ಅಂದಾಜಿಸಿತು. ಐದು ಸಾವಿರ ಜನ ಒಂದೇ ಬಗೆಯ ತಪ್ಪು ಮಾಡಿದಾಗ ಅವರ ಚಾರಿತ್ರ್ಯದ ಮಾತಾಡುವುದು ವ್ಯರ್ಥ. ತಪ್ಪು ಮೇಲಿನಿಂದ ಇಳಿದು ಬಂದದ್ದು.

ಹೊಸ ಟಾರ್ಗೆಟ್ ಘೋಷಿಸುವ ಮೊದಲು ಅದನ್ನು ಮುಟ್ಟಬೇಕಾದ ಕೆಳಹಂತದ ನಾಲ್ಕೈದು ಜನರನ್ನು ಕೂರಿಸಿಕೊಂಡು ನೇರವಾಗಿ ಕೇಳಿ: "ಅಡ್ಡದಾರಿ ಹಿಡಿದು ಇದನ್ನು ಮುಟ್ಟಬೇಕೆಂದರೆ ಏನೇನು ಮಾಡಬಹುದು?" ಮೊದಲು ನಗುತ್ತಾರೆ, ಆಮೇಲೆ ಹೇಳತೊಡಗುತ್ತಾರೆ. ತಿಂಗಳ ಕೊನೆಗೆ ಮಾಲು ಕಳಿಸಿ ಹತ್ತನೇ ತಾರೀಕಿಗೆ ವಾಪಸು ತರಿಸಿಕೊಳ್ಳುವುದು, ದೂರು ಬಂದರೆ ದಾಖಲಿಸದೇ ಇರುವುದು, ಕಷ್ಟದ ಗ್ರಾಹಕರನ್ನು ಸುಮ್ಮನೆ ಕಾಯಿಸಿ ಕಳಿಸುವುದು. ಹೇಳಿದ್ದನ್ನೆಲ್ಲ ಬರೆದುಕೊಳ್ಳಿ. ಪ್ರತಿ ಅಡ್ಡದಾರಿಯನ್ನು ಹಿಡಿಯಬಲ್ಲ ಇನ್ನೊಂದು ಅಳತೆ ಟಾರ್ಗೆಟ್ಟಿನ ಜೊತೆಗೇ ಇರಬೇಕು: ಮಾರಾಟದ ಪಕ್ಕದಲ್ಲಿ ವಾಪಸಾದ ಮಾಲು, ಖಾತೆಗಳ ಪಕ್ಕದಲ್ಲಿ ಮೂರು ತಿಂಗಳಾದ ಮೇಲೂ ಬಳಕೆಯಲ್ಲಿರುವ ಖಾತೆಗಳು.

ಬೋನಸ್ ವಿಚಾರದಲ್ಲಿ ಒಂದು ಮಾತು. ನೂರಕ್ಕೆ ತೊಂಬತ್ತೊಂಬತ್ತು ಮುಟ್ಟಿದವರಿಗೆ ಸೊನ್ನೆ, ನೂರು ಮುಟ್ಟಿದವರಿಗೆ ಪೂರ್ತಿ ಎಂಬ ಪದ್ಧತಿ ಇದ್ದರೆ ಇಂದೇ ತೆಗೆಯಿರಿ. ಆ ಕೊನೆಯ ಒಂದಕ್ಕಾಗಿಯೇ ಜನ ಸುಳ್ಳು ಹೇಳುವುದು. ಇನ್ನು, ಗುರಿಯನ್ನು ಬಹಳ ಮೀರಿದವರ ಕೆಲಸವನ್ನು ಸನ್ಮಾನಿಸುವ ಮೊದಲು ಒಮ್ಮೆ ತೆರೆದು ನೋಡಿ. ಅನುಮಾನದಿಂದ ಬೇಡ, ಕಲಿಯುವ ಕುತೂಹಲದಿಂದ ನೋಡಿದರೂ ಸಾಕು, ಇರುವುದು ಕಾಣುತ್ತದೆ.

ಹೆಜ್ಜೆ 4: ಲೆಕ್ಕ ಯಾವ ದಿನ ಕೇಳಿದರೂ ತೋರಿಸುವಂತಿರಲಿ

ಬಸವಣ್ಣ 12ನೇ ಶತಮಾನದಲ್ಲಿ ಬಿಜ್ಜಳನ ಭಂಡಾರ ನೋಡಿಕೊಳ್ಳುತ್ತಿದ್ದವರು. ಅವರ ಸುತ್ತ ಬೆಳೆದ ಕಥೆಗಳಲ್ಲಿ ಒಂದು ಹೀಗಿದೆ: ಭಂಡಾರದ ಹಣವನ್ನು ತನ್ನವರಿಗೆ ಹಂಚುತ್ತಿದ್ದಾರೆಂದು ದೂರು ಹೋಗುತ್ತದೆ, ರಾಜ ಲೆಕ್ಕ ಕೇಳುತ್ತಾನೆ, ಎಣಿಸಿ ನೋಡಿದರೆ ಎಲ್ಲವೂ ಸರಿಯಾಗಿರುತ್ತದೆ. ಇತಿಹಾಸ ಎಷ್ಟು, ಭಕ್ತಿ ಎಷ್ಟು ಎಂಬ ಚರ್ಚೆ ಹಾಗಿರಲಿ. ದೂರು ಬಂದಾಗ 'ನನ್ನ ಮೇಲೆ ನಂಬಿಕೆ ಇಲ್ಲವೇ' ಎಂದು ಕೇಳದೆ ಭಂಡಾರ ತೆರೆದು ತೋರಿಸಿದರು ಎಂಬಲ್ಲಿ ಆ ಕಥೆಯ ತಿರುಳಿದೆ. ತಾನು ದೈವಭಕ್ತ, ಆದ್ದರಿಂದ ತನ್ನನ್ನು ಪ್ರಶ್ನಿಸಬಾರದು ಎನ್ನುವ ಮುಖ್ಯಸ್ಥರನ್ನು ಕಂಡರೆ ನನಗೆ ಭಯವಾಗುತ್ತದೆ.

ಲೆಕ್ಕ ಕೆಡುವುದು ಎಲ್ಲಿಂದ? ಮಾರ್ಚ್ 31ರ ಸಂಜೆಯನ್ನು ಕಣ್ಮುಂದೆ ತಂದುಕೊಳ್ಳಿ. ವರ್ಷದ ಗುರಿಗೆ ಒಂದೇ ಒಂದು ಆರ್ಡರ್ ಕಡಿಮೆ. ಸರಕು ತಯಾರಾಗಿದೆ, ಪ್ಯಾಕ್ ಆಗಿದೆ, ಲಾರಿ ಮಾತ್ರ ಬಂದಿಲ್ಲ. ನಾಳೆ ಬೆಳಿಗ್ಗೆ ಹೊರಡುವುದು ಖಚಿತ. ಲೆಕ್ಕ ವಿಭಾಗದವರು ಬಾಗಿಲಲ್ಲಿ ನಿಂತು ಕೇಳುತ್ತಾರೆ: "ಸರ್, ಇವತ್ತಿನ ತಾರೀಕಿಗೆ ಇನ್‌ವಾಯ್ಸ್ ಹಾಕಿಬಿಡಲಾ? ಗ್ರಾಹಕರೂ ಏನೂ ಅನ್ನಲ್ಲ." ಯಾರಿಗೂ ನಷ್ಟವಿಲ್ಲ, ಹಣ ಎಲ್ಲಿಗೂ ಓಡಿಹೋಗುವುದಿಲ್ಲ, ಹನ್ನೆರಡು ಗಂಟೆಯ ವ್ಯತ್ಯಾಸ. ಹಾಕಿ ಎಂದರೆ ಮುಂದಿನ ವರ್ಷದ ಲೆಕ್ಕ ಒಂದು ಆರ್ಡರ್ ಕಡಿಮೆಯಿಂದ ಶುರುವಾಗುತ್ತದೆ, ಆ ವರ್ಷದ ಕೊನೆಗೆ ಎರಡು ಬೇಕಾಗುತ್ತವೆ. ಬಾಗಿಲಲ್ಲಿ ನಿಂತವರಿಗೆ ಮುಂದಿನ ಸಲ ಕೇಳುವ ಅಗತ್ಯವೂ ಬೀಳುವುದಿಲ್ಲ.

2009ರ ಜನವರಿ 7ರಂದು ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂ ಕಂಪ್ಯೂಟರ್ಸ್‌ನ ಸ್ಥಾಪಕ ಅಧ್ಯಕ್ಷ ರಾಮಲಿಂಗ ರಾಜು ನಿರ್ದೇಶಕ ಮಂಡಳಿಗೆ ಬರೆದ ಪತ್ರದಲ್ಲಿ ಇದೇ ಬೆಳವಣಿಗೆಯ ವಿವರ ಇತ್ತು. ನಿಜವಾದ ಲಾಭಕ್ಕೂ ಪುಸ್ತಕದ ಲಾಭಕ್ಕೂ ಮೊದಲು ಅಲ್ಪ ಅಂತರವಿತ್ತು, ವರ್ಷಗಳು ಕಳೆದಂತೆ ಅದು ಹಿಗ್ಗಿತು ಎಂದು ಅವರು ಬರೆದರು. ಪತ್ರ ಹೊರಬಂದ ದಿನ ಪುಸ್ತಕದಲ್ಲಿದ್ದು ಬ್ಯಾಂಕಿನಲ್ಲಿ ಇಲ್ಲದ ಹಣ 5,040 ಕೋಟಿ ರೂಪಾಯಿ. ಹುಲಿಯ ಬೆನ್ನೇರಿದಂತಾಗಿತ್ತು, ಅದರ ಬಾಯಿಗೆ ಬೀಳದೆ ಇಳಿಯುವ ದಾರಿ ಗೊತ್ತಿರಲಿಲ್ಲ ಎಂದೂ ಪತ್ರದಲ್ಲಿತ್ತು.

ಆದ್ದರಿಂದ ಕ್ರಮ ಹೀಗಿರಲಿ. ಹಣ ಪಾವತಿಗೆ ಒಪ್ಪಿಗೆ ಕೊಡುವವರು ಬೇರೆ, ಲೆಕ್ಕ ಬರೆಯುವವರು ಬೇರೆ, ಬ್ಯಾಂಕಿನ ಸ್ಟೇಟ್‌ಮೆಂಟ್ ತಾಳೆ ನೋಡುವವರು ಬೇರೆ. ಮೂರು ಜನ ಇಲ್ಲದಷ್ಟು ಚಿಕ್ಕ ಸಂಸ್ಥೆಯಾದರೆ ತಾಳೆ ನೋಡುವ ಕೆಲಸವನ್ನು ಹೊರಗಿನವರಿಗೆ ಕೊಡಿ. ಬ್ಯಾಂಕಿನ ಬಾಕಿಯ ದೃಢೀಕರಣ ನಿಮ್ಮ ಕೈ ಮುಟ್ಟದೆ ನೇರವಾಗಿ ಆಡಿಟರಿಗೆ ಹೋಗಲಿ. ನಿಮ್ಮ ಸ್ವಂತ ಖರ್ಚಿನ ಬಿಲ್ಲುಗಳನ್ನು ನಿಮ್ಮ ಕೆಳಗಿನವರು ಪಾಸ್ ಮಾಡುವ ಪದ್ಧತಿ ಬೇಡ. ಅವರು ಪ್ರಶ್ನಿಸುವುದಿಲ್ಲ, ಆ ಮುಜುಗರಕ್ಕೆ ಅವರನ್ನು ದೂಡುವುದೂ ಒಂದು ಬಗೆಯ ಅನ್ಯಾಯ. ಹೊರಗಿನ ಸಲಹೆಗಾರರೋ ನಿರ್ದೇಶಕರೋ ಅವನ್ನು ನೋಡಲಿ.

ಹೆಜ್ಜೆ 5: 'ಇಲ್ಲ' ಎನ್ನುವ ಒಬ್ಬರನ್ನು ಹತ್ತಿರ ಇಟ್ಟುಕೊಳ್ಳಿ

ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವವರ ನಡುವೆಯೇ ಬಹಳಷ್ಟು ಮುಖ್ಯಸ್ಥರು ದಿನ ಕಳೆಯುತ್ತಾರೆ. ಅದಕ್ಕೆ ಸಿಬ್ಬಂದಿಯನ್ನು ದೂರಿ ಫಲವಿಲ್ಲ, ಸಂಬಳ ಕೊಡುವವರ ಎದುರು ಮಾತಾಡುವುದು ಸುಲಭದ ಮಾತಲ್ಲ. ಪರಂಪರೆಗಳು ಗುರುವನ್ನು ಇಟ್ಟದ್ದು, ಸಂಘವನ್ನು ಇಟ್ಟದ್ದು ಇದೇ ಕಾರಣಕ್ಕೆ: ತನ್ನ ಕಣ್ಣಿಗೆ ತನ್ನ ಬೆನ್ನು ಕಾಣದು. ಇಂಗ್ಲೆಂಡಿನ ಕ್ವೇಕರ್ ಎಂಬ ಕ್ರೈಸ್ತ ಪಂಥದ ವ್ಯಾಪಾರಿಗಳಲ್ಲಿ ಯಾರಾದರೂ ಸಾಲದಲ್ಲಿ ಮುಳುಗುವ ಸೂಚನೆ ಕಂಡರೆ ಅವರ ಸಭೆಯ ಹಿರಿಯರೇ ಮನೆಗೆ ಬಂದು ವಿಚಾರಿಸುತ್ತಿದ್ದರು. ಸಾಲ ತೀರಿಸದೆ ದಿವಾಳಿಯಾದವರನ್ನು ಸಭೆಯಿಂದ ಹೊರಗಿಡುವುದೂ ಇತ್ತು. ಇಂದಿನವರಿಗೆ ಅತಿ ಎನಿಸಬಹುದು. ಆದರೂ ಬಾರ್ಕ್ಲೇಸ್, ಲಾಯ್ಡ್ಸ್ ಬ್ಯಾಂಕುಗಳ ಬೇರು ಇರುವುದು ಆ ಪಂಥದ ಕುಟುಂಬಗಳಲ್ಲೇ. ಚೌಕಾಸಿ ಇಲ್ಲದೆ ಎಲ್ಲರಿಗೂ ಒಂದೇ ಬೆಲೆ ಹೇಳುವ ರೂಢಿಯನ್ನು ಮೊದಲು ಹಿಡಿದವರಲ್ಲಿ ಕ್ವೇಕರ್ ಅಂಗಡಿಕಾರರೂ ಸೇರುತ್ತಾರೆ. ಮೊದಲು ಹೆಚ್ಚು ಹೇಳಿ ಆಮೇಲೆ ಇಳಿಸುವುದೂ ಅವರ ಪ್ರಕಾರ ಸುಳ್ಳೇ.

ನೀವು ಆರಿಸಿಕೊಳ್ಳುವವರಿಗೆ ಮೂರು ಲಕ್ಷಣ ಇದ್ದರೆ ಸಾಕು. ನಿಮ್ಮಿಂದ ಅವರಿಗೆ ಹಣ ಬರುತ್ತಿರಬಾರದು. ನಿಮ್ಮ ಕ್ಷೇತ್ರ ಸ್ವಲ್ಪವಾದರೂ ಗೊತ್ತಿರಬೇಕು. ನಿಮಗೆ ಬೇಸರವಾಗುತ್ತದೆ ಎಂದು ಮಾತು ನುಂಗುವವರಾಗಿರಬಾರದು. ತಿಂಗಳಿಗೊಮ್ಮೆ ಒಂದು ಗಂಟೆ ಕೂತು, ಮೊದಲ ಹೆಜ್ಜೆಯ ಪಟ್ಟಿಯನ್ನು ಅವರ ಮುಂದಿಟ್ಟು, ಈ ತಿಂಗಳು ಯಾವ ಸಾಲಿನ ಹತ್ತಿರ ಹೋಗಿದ್ದೆ ಎಂದು ಹೇಳಿ. ದಾಟಿದ್ದನ್ನಲ್ಲದೆ ಹತ್ತಿರ ಹೋದದ್ದನ್ನೂ ಹೇಳಬೇಕು.

ಸಂಸ್ಥೆಯ ಒಳಗಿನ ಸಭೆಗಳಲ್ಲಿ ನೀವು ಕೊನೆಗೆ ಮಾತಾಡಿ. ನಿಮ್ಮ ಅಭಿಪ್ರಾಯ ಮೊದಲೇ ಗೊತ್ತಾದರೆ ಉಳಿದವರದ್ದು ಅದರ ಪ್ರತಿಧ್ವನಿ ಆಗುತ್ತದೆ. ಕೆಟ್ಟ ಸುದ್ದಿ ತಂದವರಿಗೆ ಮೊದಲು 'ಹೇಳಿದ್ದು ಒಳ್ಳೆಯದಾಯಿತು' ಎಂದು ಹೇಳಿ, ಆಮೇಲೆ ಪ್ರಶ್ನೆ ಕೇಳಿ. ಒಮ್ಮೆ ಸಿಡುಕಿದರೆ ಆ ಸುದ್ದಿ ಇಡೀ ಕಚೇರಿಗೆ ಹರಡುತ್ತದೆ, ಮುಂದೆ ಎಷ್ಟೋ ತಿಂಗಳು ನಿಮ್ಮ ಬಾಗಿಲಿಗೆ ಒಳ್ಳೆಯ ಸುದ್ದಿ ಮಾತ್ರ ಬರುತ್ತದೆ.

ಹೆಜ್ಜೆ 6: ಗೊತ್ತಾದ ದಿನದಿಂದ ಗಡಿಯಾರ ಓಡಲಿ

ಕ್ವೇಕರ್ ಕುಟುಂಬದ್ದೇ ಆದ ಕ್ಯಾಡ್ಬರಿ ಕಂಪನಿ ಕಾರ್ಮಿಕರಿಗೆ ಒಳ್ಳೆಯ ಮನೆ, ತೋಟ, ಶಾಲೆಗಳಿಗೆ ಹೆಸರಾಗಿತ್ತು. ತಾವು ಕೊಳ್ಳುವ ಕೋಕೋ ಬೆಳೆಯುವ ಆಫ್ರಿಕಾ ಬಳಿಯ ಸಾವ್ ಟೋಮೆ ದ್ವೀಪದ ತೋಟಗಳಲ್ಲಿ ಜನರನ್ನು ಗುಲಾಮರಂತೆ ದುಡಿಸುತ್ತಿದ್ದಾರೆಂಬ ಸುದ್ದಿ ವಿಲಿಯಂ ಕ್ಯಾಡ್ಬರಿ ಕಿವಿಗೆ ಬಿದ್ದದ್ದು 1901ರಲ್ಲಿ. ಅಲ್ಲಿಂದ ಕೊಳ್ಳುವುದನ್ನು ಕಂಪನಿ ನಿಲ್ಲಿಸಿದ್ದು 1909ರಲ್ಲಿ. ನಡುವಿನ ಎಂಟು ವರ್ಷ ವಿಚಾರಣೆ, ವರದಿ, ಸರ್ಕಾರಗಳ ಜೊತೆ ಪತ್ರವ್ಯವಹಾರ. ಅವರ ನಂಬಿಕೆ ಸುಳ್ಳಾಗಿತ್ತು ಎಂದು ನಾನು ಹೇಳುವುದಿಲ್ಲ. ಒಳ್ಳೆಯ ಜನ ಒಳ್ಳೆಯ ಕಾರಣಗಳಿಗೇ ತಡಮಾಡುತ್ತಾರೆ, ಅದೇ ತೊಂದರೆ.

ಜಾನ್ಸನ್ ಅಂಡ್ ಜಾನ್ಸನ್ ನಡೆದುಕೊಂಡ ರೀತಿ ಬೇರೆ. 1982ರಲ್ಲಿ ಷಿಕಾಗೊ ಸುತ್ತಮುತ್ತ ಆ ಕಂಪನಿಯ ನೋವು ನಿವಾರಕ ಟೈಲೆನಾಲ್ ಗುಳಿಗೆಗಳಲ್ಲಿ ಯಾರೋ ಸೈನೈಡ್ ಬೆರೆಸಿದ್ದರಿಂದ ಏಳು ಜನ ಸತ್ತರು. ಕಂಪನಿಯ ತಪ್ಪೇನೂ ಇರಲಿಲ್ಲ. ಆದರೂ ದೇಶದಾದ್ಯಂತ ಸುಮಾರು 3.1 ಕೋಟಿ ಬಾಟಲಿಗಳನ್ನು ವಾಪಸು ತರಿಸಿದರು, 10 ಕೋಟಿ ಡಾಲರಿಗೂ ಹೆಚ್ಚು ಬೆಲೆಯ ಮಾಲು ಅದು. ಕೆಲವೇ ವಾರಗಳಲ್ಲಿ, ಯಾರಾದರೂ ತೆರೆದರೆ ಗೊತ್ತಾಗುವ ಮುದ್ರೆಯುಳ್ಳ ಹೊಸ ಬಾಟಲಿಗಳು ಬಂದವು. ಅಷ್ಟು ಬೇಗ ಹೇಗೆ ಸಾಧ್ಯವಾಯಿತು? ಕಂಪನಿ 1943ರಲ್ಲೇ ಬರೆದಿಟ್ಟ ಹೊಣೆಗಾರಿಕೆಯ ಪತ್ರದಲ್ಲಿ ಔಷಧಿ ಬಳಸುವವರು ಮೊದಲು, ಷೇರುದಾರರು ಕೊನೆಗೆ ಎಂದಿತ್ತು. ಅದಕ್ಕಿಂತ ಮುಖ್ಯವಾಗಿ, ದುರಂತಕ್ಕೆ ಕೆಲವು ವರ್ಷ ಮೊದಲು ಮುಖ್ಯಸ್ಥ ಜೇಮ್ಸ್ ಬರ್ಕ್ ಹಿರಿಯ ಅಧಿಕಾರಿಗಳನ್ನು ಸೇರಿಸಿ, ಇದನ್ನು ನಂಬುತ್ತೀರಾ, ಇಲ್ಲವಾದರೆ ಗೋಡೆಯಿಂದ ತೆಗೆದುಬಿಡೋಣ ಎಂದು ಚರ್ಚೆಗೆ ಹಚ್ಚಿದ್ದರು. ಜಗಳ ಮೊದಲೇ ಮುಗಿದಿತ್ತು. ಮುಂದೆ ಅದೇ ಕಂಪನಿ ಟಾಲ್ಕಂ ಪೌಡರ್ ವಿಚಾರದಲ್ಲಿ ಸಾವಿರಾರು ಮೊಕದ್ದಮೆ ಎದುರಿಸಬೇಕಾಯಿತು ಎಂಬುದೂ ನಿಜ. 1943ರ ಕಾಗದವಾಗಲಿ 1982ರ ಹೆಸರಾಗಲಿ ಮುಂದಿನವರ ನಡತೆಗೆ ಜಾಮೀನು ನಿಲ್ಲುವುದಿಲ್ಲ.

ನಿಮ್ಮಲ್ಲಿ ತಪ್ಪು ಬಯಲಾದರೆ ಅನುಸರಿಸಬೇಕಾದ ಕಾಲಮಿತಿಯನ್ನು ಈಗಲೇ ನಿಗದಿ ಮಾಡಿ. ಮೊದಲ 24 ಗಂಟೆಯಲ್ಲಿ ಹಾನಿ ನಿಲ್ಲಿಸುವುದು, ಕಾರಣ ಗೊತ್ತಿರಲಿ ಬಿಡಲಿ. 72 ಗಂಟೆಯೊಳಗೆ ತೊಂದರೆಗೊಳಗಾದವರಿಗೆ, ಗೊತ್ತಿರುವಷ್ಟನ್ನು, ನಿಮ್ಮ ಬಾಯಿಂದಲೇ ತಿಳಿಸುವುದು. ವಕೀಲರನ್ನು ಕೇಳಿ, ಆದರೆ ವಕೀಲರ ಪತ್ರವನ್ನೇ ಕ್ಷಮಾಪಣೆ ಎಂದು ಕಳಿಸಬೇಡಿ. 30 ದಿನದೊಳಗೆ ಕಾರಣದ ವಿವರ ಮತ್ತು ಏನು ಬದಲಾಯಿತು ಎಂಬುದು ಬರವಣಿಗೆಯಲ್ಲಿ. ಕಾನೂನು ಇದಕ್ಕಿಂತ ಬೇಗ ತಿಳಿಸಬೇಕೆಂದು ಹೇಳಿದ್ದರೆ ಕಾನೂನಿನ ಗಡುವೇ ನಿಮ್ಮ ಗಡುವು.

ಹೆಜ್ಜೆ 7: ನಿಮ್ಮ ದೇವರನ್ನು ಸಿಬ್ಬಂದಿಯ ಮೇಲೆ ಹೇರಬೇಡಿ

ಇಲ್ಲಿ ಬಹಳ ಹೇಳಬೇಕಾಗಿಲ್ಲ. ಪ್ರಾರ್ಥನೆಗೆ ಬಂದವರು ಯಾರು, ಬಾರದವರು ಯಾರು ಎಂದು ನೀವು ಗಮನಿಸುತ್ತಿದ್ದೀರಿ ಎಂಬ ಅನುಮಾನ ಸಿಬ್ಬಂದಿಗೆ ಬಂದರೂ ಸಾಕು, ಅದು ಬಡ್ತಿಯ ಪರೀಕ್ಷೆಯಾಗಿಬಿಡುತ್ತದೆ. ಭಕ್ತಿಯ ನಟನೆಗೆ ಬಹುಮಾನ ಸಿಗುವ ಕಚೇರಿಯಲ್ಲಿ ಉಳಿದ ನಟನೆಗಳೂ ಬೇಗ ಕಲಿತುಬಿಡುತ್ತಾರೆ. ಪ್ರಾರ್ಥನೆಗೋ ಮೌನಕ್ಕೋ ಒಂದು ಶಾಂತವಾದ ಕೋಣೆ ಇರಲಿ, ಹಾಜರಿ ಬೇಡ, ನೀವು ಅಲ್ಲಿಗೆ ಹೋಗುವ ಹೊತ್ತನ್ನು ಯಾರಿಗೂ ಹೇಳಬೇಡಿ. ನಿಮ್ಮ ನಂಬಿಕೆ ಅವರಿಗೆ ತಿಳಿಯಬೇಕಾದ ಜಾಗ ಸಂಬಳದ ದಿನ, ರಜೆ ಕೇಳಿದ ದಿನ, ತಪ್ಪು ಒಪ್ಪಿಕೊಂಡು ಬಂದ ದಿನ.

ಹೆಜ್ಜೆ 8: ಸಾಕು ಎಂಬ ಸಂಖ್ಯೆಯನ್ನು ಬರೆದಿಡಿ

ಆಯ್ದಕ್ಕಿ ಮಾರಯ್ಯನ ಕಾಯಕ ನೆಲಕ್ಕೆ ಚೆಲ್ಲಿದ ಅಕ್ಕಿ ಆಯುವುದು. ಒಂದು ದಿನ ಎಂದಿಗಿಂತ ಹೆಚ್ಚು ಆಯ್ದು ತಂದಾಗ ಹೆಂಡತಿ ಲಕ್ಕಮ್ಮ, ಇಷ್ಟು ನಮಗೇಕೆ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದಳು ಎಂಬುದು ಕಥೆ. ಮಾರಯ್ಯ ಕದ್ದಿರಲಿಲ್ಲ, ಯಾರಿಗೂ ಮೋಸ ಮಾಡಿರಲಿಲ್ಲ, ದುಡಿದೇ ತಂದಿದ್ದ. ಲಕ್ಕಮ್ಮನ ಆಕ್ಷೇಪ ಇದ್ದದ್ದು ಪ್ರಮಾಣಕ್ಕೆ. ಜೈನ ಗೃಹಸ್ಥರೂ ಆಸ್ತಿಗೆ ಒಂದು ಮಿತಿ ಹಾಕಿಕೊಂಡು ವ್ರತ ತೊಡುತ್ತಾರೆ. ಶ್ರೀಮಂತರು ತಮ್ಮ ಸಂಪತ್ತಿಗೆ ಒಡೆಯರಂತಿರದೆ ಧರ್ಮದರ್ಶಿಗಳಂತಿರಬೇಕು ಎಂದು ಗಾಂಧೀಜಿ ಹೇಳಿದ್ದೂ ಇದೇ ದಾರಿಯಲ್ಲಿ. ಟಾಟಾ ಸನ್ಸ್ ಕಂಪನಿಯ ಸುಮಾರು 66% ಷೇರುಗಳು ಇಂದಿಗೂ ದತ್ತಿ ಟ್ರಸ್ಟುಗಳ ಕೈಯಲ್ಲಿವೆ.

ಮಿತಿ ಇಲ್ಲದವರಿಗೆ ಮೇಲಿನ ಏಳು ಹೆಜ್ಜೆಗಳೂ ಒಂದಲ್ಲ ಒಂದು ದಿನ ಅಡ್ಡಿ ಎನಿಸತೊಡಗುತ್ತವೆ. ಹಾಗಾಗಿ ಇದನ್ನು ಕೊನೆಗೆ ಇಟ್ಟಿದ್ದೇನೆಯೇ ಹೊರತು ಕಡಿಮೆ ಮುಖ್ಯವೆಂದಲ್ಲ. ಎರಡು ಸಂಖ್ಯೆ ಬರೆಯಿರಿ. ಒಂದು, ಸಂಸ್ಥೆಯಿಂದ ವರ್ಷಕ್ಕೆ ನೀವು ನಿಮಗಾಗಿ ತೆಗೆದುಕೊಳ್ಳುವ ಗರಿಷ್ಠ ಮೊತ್ತ. ಇನ್ನೊಂದು, ನಿಮ್ಮ ಸಂಬಳಕ್ಕೂ ಸಂಸ್ಥೆಯ ಅತಿ ಕಡಿಮೆ ಸಂಬಳಕ್ಕೂ ಇರಬಹುದಾದ ಗರಿಷ್ಠ ಅಂತರ, ಎಷ್ಟು ಪಟ್ಟು ಎಂಬ ಲೆಕ್ಕದಲ್ಲಿ. ಬೆಲೆ ಏರಿಕೆಗೆ ತಕ್ಕಂತೆ ಮೊದಲನೆಯದು ವರ್ಷಕ್ಕೊಮ್ಮೆ ಬದಲಾಗಬಹುದು, ಎರಡನೆಯದು ಬದಲಾಗಬಾರದು. ಮಿತಿ ಮೀರಿದ ಹಣ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಅದೇ ಹಾಳೆಯಲ್ಲಿ ಕ್ರಮವಾಗಿ ಬರೆಯಿರಿ: ಮೊದಲು ಕಷ್ಟಕಾಲಕ್ಕೆಂದು ಆರು ತಿಂಗಳ ಸಂಬಳದಷ್ಟು ನಿಧಿ, ಆಮೇಲೆ ಕೆಳಹಂತದ ಸಂಬಳದ ಏರಿಕೆ, ಆಮೇಲೆ ದಾಸೋಹ. ಹಾಳೆಯ ಒಂದು ಪ್ರತಿ ಐದನೇ ಹೆಜ್ಜೆಯ ಆ ವ್ಯಕ್ತಿಯ ಬಳಿ ಇರಲಿ, ಮತ್ತು ಲಾಭ ಹೆಚ್ಚು ಬಂದ ವರ್ಷ ಅದನ್ನು ತೆಗೆದು ನಿಮ್ಮ ಮುಂದಿಡುವ ಕೆಲಸ ಅವರದ್ದಾಗಿರಲಿ.